ಎಂಟನೆಯ ಇನಿಂಗ್ಸಿನಲ್ಲಿ ಇಳಿಯುವವನು

ಅಕಿತಾ
ಶೋವಾ ಶಕ ೫೯ (೧೯೮೪), ಏಪ್ರಿಲ್ ೧೭

ಚಿರಂಜೀವಿ ಮೊರಿಯೊನಿಗೆ, ನಿನ್ನ ತಾಯಿಯ ಅಣ್ಣನಾದ ಮೊನ್ಮಾ ಎಯ್ಕಿಚಿಯು ಹರಸಿ ಬರೆಯುವುದು.

ಶಾಲೆಯ ಮೈದಾನದ ಬಡಗಣ ಮೂಲೆಯಲ್ಲಿ ಹಿಮ ಇನ್ನೂ ಗೇಣುದ್ದ ನಿಂತಿದೆ. ತೆಂಕಣ ಮೂಲೆಯಲ್ಲಿ ಹುಡುಗರು ಆಗಲೇ ಚೆಂಡು ಎಸೆಯುತ್ತಿದ್ದಾರೆ. ಒಂದೇ ಮೈದಾನದಲ್ಲಿ ಎರಡು ಋತುಗಳು ಕಾಣುವ ಈ ದಿನಗಳಲ್ಲಿ ಒಸಾಕಾದಲ್ಲಿ ನೀನು ದೇಹಸೌಖ್ಯದಿಂದ ಇರುವೆಯೆಂದು ಭಾವಿಸಿ ವಿಷಯಕ್ಕೆ ಬರುತ್ತೇನೆ.

ಕಳೆದ ಶನಿವಾರ ನಿಮ್ಮ ಕ್ರೇನ್ಸ್ ತಂಡವು ಟೋಕಿಯೊ ತಂಡದೊಡನೆ ಆಡಿದ ಬೇಸ್‌ಬಾಲ್ ಪಂದ್ಯವನ್ನು ನೋಡಲು ನಿನ್ನ ಹೆಸರಿನ 'ಹಿನುಮಾ ಅಭಿಮಾನಿ ಸಂಘ'ದ ಸದಸ್ಯರೆಲ್ಲ ಊರ ಸಭಾಂಗಣದಲ್ಲಿ ಸೇರಿದ್ದೆವು. ಅಧ್ಯಕ್ಷನಾದ ನನಗೆ ಟಿ.ವಿ.ಯ ನೇರಕ್ಕೆ ಮೆತ್ತೆ ಹಾಕಿದ್ದರು. ಒಂಬತ್ತು ಇನಿಂಗ್ಸುಗಳಲ್ಲಿ ಏಳನೆಯದು ಮುಗಿಯಿತು. ಇನ್ನೇನು ನೀನು ಇಳಿಯುವ ಹೊತ್ತು ಎನ್ನುವಷ್ಟರಲ್ಲಿ ನಿರೂಪಕನು "ನೇರ ಪ್ರಸಾರದ ಅವಧಿ ಇಲ್ಲಿಗೆ ಮುಗಿಯಿತು" ಎಂದು ಕೈಮುಗಿದ. ಆಮೇಲೆ ಬಂದದ್ದು ಸಾಬೂನಿನ ಜಾಹೀರಾತು.

ತೋಫು ಅಂಗಡಿಯ ಓನುಕಿಯ ನಾಲಗೆ ನಿನಗೆ ಗೊತ್ತಿದೆ. "ಅಧ್ಯಕ್ಷರೇ, ನಿಮ್ಮ ಅಳಿಯ ಈಗ ಸೋಪಿನ ಹಿಂದುಗಡೆ ಆಡ್ತಾ ಇದ್ದಾನೆ ನೋಡಿ. ವರ್ಷಾನುಗಟ್ಟಲೆ ಇದೇ ಕಥೆ. ನಾವೆಲ್ಲ ಅಭಿಮಾನಿಗಳಾಗಿರೋದು ಇವನಿಗೋ, ಸೋಪಿಗೋ?" ಎಂದ. ಕ್ಷೌರದಂಗಡಿಯ ಟೊಮೆ ಸುಮ್ಮನಿರಲಿಲ್ಲ. "ಬಿಡಿ ಓನುಕಿ-ಸಾನ್, ನಿಮ್ಮ ತೋಫು ತಿಂದ್ರೆ ಬಾಯಲ್ಲಿ ಬರೋದೂ ಸೋಪಿನ ರುಚಿನೇ" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಜಿಲ್ಲಾ ಕಚೇರಿಯ ಎದುರಿನ ಬರಹದಂಗಡಿಯಲ್ಲಿ ಊರವರ ಅರ್ಜಿಗಳನ್ನು ಬರೆದುಕೊಡುತ್ತ, ನಕಲು ಮಾಡುತ್ತ ನನ್ನ ಆಯುಷ್ಯ ಕಳೆಯಿತು. ಅರ್ಜಿಯ ಮೊದಲ ಸಾಲಿನಲ್ಲಿ ಯಾರ ಹೆಸರಿದೆಯೋ ಅವನು ಅರ್ಜಿದಾರ. ಕೊನೆಯಲ್ಲಿ ಹೆಸರು ಬಂದವನು ಬರಿಯ ಸಾಕ್ಷಿ. ನಿನ್ನನ್ನು ಏಳು ವರ್ಷದವನಿದ್ದಾಗಿನಿಂದ ಸಾಕಿದ್ದು ಇನ್ನೊಬ್ಬರ ಕಾಗದದ ಕೆಳಗೆ ಸಾಕ್ಷಿ ಹಾಕಲಿ ಎಂದಲ್ಲ. ಪಂದ್ಯದ ಆರಂಭದಲ್ಲಿ ಕೂಗುವ ಒಂಬತ್ತು ಹೆಸರುಗಳಲ್ಲಿ ನಿನ್ನದು ಕೇಳಿಬರುವ ದಿನದವರೆಗೆ ನಾನು ಯಾವ ಕ್ರೀಡಾಂಗಣದ ಮೆಟ್ಟಿಲನ್ನೂ ಹತ್ತುವುದಿಲ್ಲವೆಂದು ಹಿಂದೆ ಹೇಳಿದ್ದೆ. ಆ ಮಾತು ಈಗಲೂ ಊರ್ಜಿತವಾಗಿದೆ.

ನಿನ್ನ ಅತ್ತೆ ಫುಸಾ ಹೊಗೆಗೆ ಹಾಕಿದ ಮೂಲಂಗಿಯ ಉಪ್ಪಿನಕಾಯಿಯನ್ನು ಪ್ರತ್ಯೇಕವಾಗಿ ಕಳಿಸಿದ್ದಾಳೆ.

ಮೊನ್ಮಾ ಎಯ್ಕಿಚಿ


ಒಸಾಕಾ
೨೦ ಮೇ ೧೯೮೪

ಪೂಜ್ಯ ಮಾವನವರಿಗೆ ಮೊರಿಯೊನ ನಮಸ್ಕಾರಗಳು.

ಉಪ್ಪಿನಕಾಯಿ ತಲುಪಿತು. ತಂಡದ ಗೆಳೆಯರೆಲ್ಲ ಕೋಣೆಗೆ ಬಂದು ಒಂದೇ ಸಂಜೆಯಲ್ಲಿ ಮುಗಿಸಿಬಿಟ್ಟರು. "ನಿಮ್ಮೂರಲ್ಲಿ ಮೂಲಂಗಿಗೂ ಧೂಪ ಹಾಕ್ತೀರೇನೋ?" ಎಂದು ಕಾಜಿ ಗೇಲಿ ಮಾಡಿದ. ಕಾಜಿ ಎಂದರೆ ಎರಡನೇ ಬೇಸಿನ ಕಾವಲಿಗೆ ಮೊದಲಿನಿಂದ ಇಳಿಯುವವನು. ಹೊಡೆತದಲ್ಲಿ ಬಲಶಾಲಿ, ಚೆಂಡು ಹಿಡಿಯುವುದರಲ್ಲಿ ಸ್ವಲ್ಪ ಸೋಮಾರಿ. ಅವನ ಜಾಗಕ್ಕೇ ನಾನು ಕೊನೆಯಲ್ಲಿ ಇಳಿಯುವುದು.

ಮಾವ, ಈ ಕೊನೆಯಲ್ಲಿ ಇಳಿಯುವ ವಿಚಾರವನ್ನು ಒಮ್ಮೆ ನಿಮಗೆ ಬಿಡಿಸಿ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮೊದಲ ಆರೇಳು ಇನಿಂಗ್ಸ್ ನಾನು ಬೆಂಚಿನ ತುದಿಯಲ್ಲಿ ಕುಳಿತು ಎದುರಾಳಿಗಳ ಪಾದಗಳನ್ನು ನೋಡುತ್ತೇನೆ. ಯಾರ ಪಾದ ಎತ್ತ ತಿರುಗಿದರೆ ಚೆಂಡು ಎತ್ತ ಬರುತ್ತದೆ ಎಂಬುದೇ ನನ್ನ ಓದು. ನಮ್ಮ ತಂಡ ಅಲ್ಪ ಅಂತರದಲ್ಲಿ ಮುಂದಿದ್ದರೆ ಮಾತ್ರ ನನಗೆ ಕರೆ. ಕೋಚ್ ಇವಾಬುಚಿ ನನ್ನ ಕಡೆಗೆ ತಿರುಗುವುದೂ ಇಲ್ಲ. "ಹಿನುಮಾ, ಬಾಗಿಲು ಹಾಕ್ಕೊಂಡು ಬಾ" ಎನ್ನುತ್ತಾರೆ. ಅಷ್ಟೇ. ಗೆಲುವು ಮನೆಯೊಳಗೆ ಬಂದಾಗಿದೆ. ಅದು ಹೊರಗೆ ಹೋಗದಂತೆ ಬಾಗಿಲು ಹಾಕುವವನು ನಾನು. ಚೆಂಡು ಎಸೆಯುವ ಪಿಚರ್‌ಗಳು ನಾನು ಇಳಿಯುವುದನ್ನು ಕಂಡರೆ ಟೋಪಿಯ ಅಂಚು ಮುಟ್ಟುತ್ತಾರೆ. ನಾನು ಇಳಿದ ಮೇಲೆ ಏನೂ ನಡೆಯದಿದ್ದರೆ ನನ್ನ ಕೆಲಸ ಸರಿಯಾಗಿದೆ ಎಂದರ್ಥ. ಏನೂ ನಡೆಯದ್ದನ್ನು ಪತ್ರದಲ್ಲಿ ಹೇಗೆ ಬರೆಯಲಿ ಎಂದು ತಿಳಿಯದೆ ಇಷ್ಟು ವರ್ಷ ಬರೆಯಲಿಲ್ಲ.

ಜುಲೈ ೮ರ ಭಾನುವಾರ ನಮ್ಮ ತಂಡ ಅಕಿತಾದಲ್ಲಿ ಒಂದು ಪಂದ್ಯ ಆಡಲಿದೆ. ಹಗಲು ಪಂದ್ಯ. ನಿಮ್ಮ ಮಾತು ನನಗೆ ನೆನಪಿದೆ, ಒತ್ತಾಯ ಮಾಡುವುದಿಲ್ಲ. ಆದರೆ ಎಂಟನೆಯ ಇನಿಂಗ್ಸಿನ ಹೊತ್ತಿಗೆ ಬಂದು ನಿಂತುಕೊಂಡು ನೋಡಿ ಹೋದರೂ ಸಾಕು.

ಕಳೆದ ತಿಂಗಳು ವಸತಿಗೃಹದ ಮೂರನೇ ಮಹಡಿಯಿಂದ ನೆಲಮಹಡಿಗೆ ಕೋಣೆ ಬದಲಾಯಿಸಿದೆ. ಕಿಟಕಿಗೆ ಮರದ ನೆರಳು ಬರುತ್ತದೆ.

ಮೊರಿಯೊ

ಅತ್ತೆಗೆ ತಿಳಿಸಿ: ಉಪ್ಪಿನಕಾಯಿ ಇನ್ನೂ ಮುಕ್ಕಾಲು ಪಾಲು ಇದೆ, ಮತ್ತೆ ಕಳಿಸುವ ಶ್ರಮ ಬೇಡ.


ಅಕಿತಾ
ಶೋವಾ ೫೯, ಜೂನ್ ೩

ಚಿರಂಜೀವಿ ಮೊರಿಯೊನಿಗೆ.

ನಾಟಿ ಮುಗಿದ ಗದ್ದೆಗಳಲ್ಲಿ ಕಪ್ಪೆಗಳು ಇಡೀ ಜಿಲ್ಲೆಯ ಅಹವಾಲನ್ನು ಒಟ್ಟಿಗೇ ಮಂಡಿಸುತ್ತಿವೆ. ಪತ್ರ ತಲುಪಿದೆ.

ನೆಲಮಹಡಿಯ ಕೋಣೆ ದೊರೆತ ಸಂಗತಿ ಸಂತೋಷ ತಂದಿತು. ಹಿರಿಯ ಆಟಗಾರನಿಗೆ ತಂಡವು ಸಲ್ಲಿಸಿದ ಮರ್ಯಾದೆ ಎಂದು ಸಂಘದ ಸಭೆಯಲ್ಲಿ ಓದಿ ಹೇಳಿದೆ. ನಿನ್ನ ಅತ್ತೆ ಮಾತ್ರ ಪತ್ರವನ್ನು ಎರಡು ಸಲ ಓದಿಸಿಕೊಂಡು, "ಮುಗಿದ ಉಪ್ಪಿನಕಾಯಿ ಮುಕ್ಕಾಲು ಪಾಲು ಹೇಗೆ ಉಳೀತು? ಹುಡುಗ ಒಬ್ನೇ ಊಟ ಮಾಡ್ತಾ ಇದ್ದಾನೆ ಕಣ್ರೀ" ಎಂದಳು. ಹೆಂಗಸರ ಊಹೆ.

ಬಾಗಿಲು ಹಾಕುವ ವಿಚಾರವಾಗಿ ನೀನು ಬರೆದುದನ್ನು ಗಮನಿಸಿದ್ದೇನೆ. ಮನಸ್ಸನ್ನು ಸಮಾಧಾನಪಡಿಸಿಕೊಳ್ಳಲು ಮನುಷ್ಯನು ಮಾತುಗಳನ್ನು ಹುಡುಕಿಕೊಳ್ಳುವುದು ಸಹಜ. ಬಾಗಿಲು ಹಾಕುವವನನ್ನು ನಮ್ಮ ಜಿಲ್ಲಾ ಕಚೇರಿಯಲ್ಲಿ ಜವಾನ ಎನ್ನುತ್ತಿದ್ದರು.

ಜುಲೈ ೮ಕ್ಕೆ ಸಂಘದಿಂದ ಬಸ್ಸು ಗೊತ್ತುಮಾಡಿದೆ. ನಾನು ಬರುವ ಬಗ್ಗೆ ಈಗಲೇ ಏನನ್ನೂ ಹೇಳಲಾರೆ.

ಮೊನ್ಮಾ ಎಯ್ಕಿಚಿ


ಅಕಿತಾ
ಶೋವಾ ೫೯, ಜೂನ್ ೩

ಒಸಾಕಾ ಕ್ರೇನ್ಸ್ ತಂಡದ ಮುಖ್ಯ ತರಬೇತುದಾರರಾದ ಮಾನ್ಯ ಇವಾಬುಚಿ ಅವರ ಸಮ್ಮುಖಕ್ಕೆ, ಆಟಗಾರ ಹಿನುಮಾ ಮೊರಿಯೊನ ಊರಿನವರ ಪರವಾಗಿ ಒಬ್ಬ ವೃದ್ಧ ಬರಹಗಾರನು ತಲೆಬಾಗಿ ಸಲ್ಲಿಸುವ ವಿಜ್ಞಾಪನೆ.

ಹಿಮ ಕರಗಿದ ನೀರು ತಾನಾಗಿ ಗದ್ದೆಯನ್ನು ಸೇರುವಂತೆ, ಬಡವರ ಮಾತು ದೊಡ್ಡವರ ಕಿವಿಯನ್ನು ಸೇರುವುದು ಅವರ ಔದಾರ್ಯದಿಂದಲೇ ಹೊರತು ನಮ್ಮ ಯೋಗ್ಯತೆಯಿಂದಲ್ಲ ಎಂಬುದನ್ನು ಬಲ್ಲವನಾಗಿ ಈ ಕೆಳಕಂಡ ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದಾಗಿ, ಸದರಿ ಹಿನುಮಾ ಮೊರಿಯೊ ಎಂಬಾತನು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಈ ಊರಿನ ಕೈಕೈಗಳಲ್ಲಿ ಬೆಳೆದು, ತಮ್ಮ ತಂಡದ ಸೇವೆಯಲ್ಲಿ ಹದಿನಾಲ್ಕು ವರ್ಷಗಳನ್ನು ಪೂರೈಸಿರುತ್ತಾನೆ.

ಎರಡನೆಯದಾಗಿ, ಆತನು ಪಂದ್ಯದ ಕೊನೆಯಲ್ಲಿ ಮಾತ್ರ ಅಂಗಣಕ್ಕೆ ಇಳಿಯುವ ಕಾರಣ, ಟಿ.ವಿ.ಯ ಪ್ರಸಾರ ಆ ಹೊತ್ತಿಗೆ ನಿಂತುಹೋಗುವ ಕಾರಣ, ಆತನನ್ನು ಬೆಳೆಸಿದ ವೃದ್ಧರ ಪೈಕಿ ಹಲವರು ಆತನ ಆಟವನ್ನು ಒಮ್ಮೆಯೂ ಕಾಣದೆ ಕಣ್ಣು ಮುಚ್ಚಿರುತ್ತಾರೆ. ಉಳಿದವರಿಗೂ ವಯಸ್ಸು ನಿಂತು ಕಾಯುತ್ತಿಲ್ಲ.

ಆದುದರಿಂದ ಜುಲೈ ೮ರ ಪಂದ್ಯದಲ್ಲಿ ಆತನ ಹೆಸರನ್ನು ಆರಂಭದ ಒಂಬತ್ತು ಮಂದಿಯಲ್ಲಿ ಸೇರಿಸಿ ಕೂಗಿಸಬೇಕೆಂದು ಪ್ರಾರ್ಥನೆ. ತಂಡವು ಊರೂರಿಗೆ ಹೋದಾಗ ಆಯಾ ಊರಿನ ಮಗನಿಗೆ ಇಂಥ ಮರ್ಯಾದೆ ಸಲ್ಲುವ ವಾಡಿಕೆಯನ್ನು ಕೇಳಿ ಬಲ್ಲೆವು.

ಕಡೆಯದಾಗಿ, ತಮ್ಮ ಏರ್ಪಾಡಿಗೆ ನಮ್ಮಿಂದ ತೊಂದರೆಯಾಗಬಾರದು. ಜನರ ಕಣ್ಣು ತುಂಬುವಷ್ಟು ಆಡಿದ ಬಳಿಕ, ಆತನ ದೇಹಕ್ಕೆ ಅತಿಯಾದ ಆಯಾಸವಾಗದಂತೆ, ಆರನೆಯ ಇನಿಂಗ್ಸಿನ ಸುಮಾರಿಗೆ ಆತನನ್ನು ವಿಶ್ರಾಂತಿಗೆ ಕಳಿಸಿ, ಉಳಿದ ಭಾಗವನ್ನು ಸಮರ್ಥರಾದ ಬೇರೆಯವರಿಗೆ ವಹಿಸಿದರೂ ನಮಗೆ ಪೂರ್ಣ ಸಮ್ಮತಿಯಿದೆ.

ಈ ವಿಜ್ಞಾಪನೆಯ ಸಂಗತಿ ಆತನಿಗೆ ತಿಳಿಯದು, ತಿಳಿಯದಿರುವುದೇ ಲೇಸು.


ಒಸಾಕಾ
೨ ಜುಲೈ ೧೯೮೪

ಪೂಜ್ಯ ಮಾವನವರಿಗೆ.

ಬನ್ನಿ. ದಯವಿಟ್ಟು ಬನ್ನಿ. ಹವಾಮಾನದ ಮಾತು ಬರೆಯದೆ ನೇರವಾಗಿ ವಿಷಯಕ್ಕೆ ಬಂದದ್ದಕ್ಕೆ ಬೈದುಕೊಳ್ಳಬೇಡಿ.

ನಿನ್ನೆ ಅಭ್ಯಾಸ ಮುಗಿದ ಮೇಲೆ ಕೋಚ್ ನನ್ನ ಮುಂದೆ ಬಂದು ನಿಂತರು. ನನ್ನ ಮುಖ ನೋಡಿ ಮಾತಾಡಿದ್ದು ಈ ವರ್ಷದಲ್ಲಿ ಅದೇ ಮೊದಲು. "ಹಿನುಮಾ, ಅಕಿತಾದಲ್ಲಿ ಮೊದಲಿಂದ ಇಳೀತೀಯ. ಕಾಜಿಗೆ ಅವತ್ತು ರಜೆ" ಎಂದರು. ನಾನು "ಯಾಕೆ ಕೋಚ್?" ಎಂದೆ. ಎಂಥ ಪ್ರಶ್ನೆ! "ಬೇಡವಾ?" ಎಂದರು. "ಬೇಕು, ಬೇಕು" ಎಂದು ಎರಡು ಸಲ ಬಗ್ಗಿದೆ. ಕಾಜಿ ಹಿಂದಿನಿಂದ, "ಅಯ್ಯೋ, ಟೋಪಿ ಉದುರ್ತು, ನೆಲಕ್ಕೆ ಹಣೆ ತಾಗಿಸ್ಬೇಡ್ವೋ ಮಾರಾಯ" ಎಂದ.

ಇತ್ತೀಚೆಗೆ ಉಳಿದವರಿಗಿಂತ ಒಂದು ತಾಸು ಮೊದಲೇ ಬಂದು ಅಭ್ಯಾಸ ಮಾಡುತ್ತಿದ್ದೇನೆ. ಮೈ ಬಿಸಿಯಾಗಲು ನನಗೆ ಈಗ ಅಷ್ಟು ಹೊತ್ತು ಬೇಕಾಗುತ್ತದೆ. ಅದನ್ನು ಅವರು ಎಲ್ಲಿಂದಲೋ ಗಮನಿಸಿರಬೇಕು. ನೋಡುವವರು ನೋಡಿಯೇ ಇರುತ್ತಾರೆ ಮಾವ, ಹೇಳುವುದಿಲ್ಲ ಅಷ್ಟೇ.

ಮೊದಲಿನಿಂದ ಇಳಿದು, ಕೊನೆಯ ಇನಿಂಗ್ಸಿನವರೆಗೂ ಇದ್ದು, ಆ ಬಾಗಿಲನ್ನೂ ನಾನೇ ಹಾಕುತ್ತೇನೆ. ಅಂದು ಇಡೀ ಮನೆ ನನ್ನದು.

ಮೊರಿಯೊ


ಅಕಿತಾ
ಶೋವಾ ೫೯, ಜುಲೈ ೧೦

ಚಿರಂಜೀವಿ ಮೊರಿಯೊನಿಗೆ.

ಮಳೆಗಾಲ ಒಂದು ದಿನದ ಮಟ್ಟಿಗೆ ಬಿಡುವು ಕೊಟ್ಟು ನಿನಗೆ ಬಿಸಿಲನ್ನು ಕಾದಿರಿಸಿದ್ದು ಯೋಗವೇ ಸರಿ.

ಧ್ವನಿವರ್ಧಕದಲ್ಲಿ "ಎರಡನೇ ಬೇಸ್, ಹಿನುಮಾ" ಎಂದು ಕೂಗಿದಾಗ ನಮ್ಮ ಇಡೀ ಬಸ್ಸು ಎದ್ದು ನಿಂತಿತು. ನಾನು ಧ್ವನಿವರ್ಧಕದ ಕಡೆಗೆ ತಿರುಗಿ ತಲೆಬಾಗಿದೆನಂತೆ. ಟೊಮೆ ಈಗ ಅದನ್ನು ಅಂಗಡಿಗೆ ಬಂದವರಿಗೆಲ್ಲ ಅಭಿನಯಿಸಿ ತೋರಿಸುತ್ತಿದ್ದಾಳೆ. ಮೂರನೆಯ ಇನಿಂಗ್ಸಿನಲ್ಲಿ ನೀನು ಚೆಂಡನ್ನು ಮೆಲ್ಲಗೆ ತಟ್ಟಿ, ನೀನು ಔಟಾಗಿ, ಜೊತೆಯವನನ್ನು ಮುಂದಿನ ಬೇಸಿಗೆ ದಾಟಿಸಿದೆ. ಔಟಾದವನಿಗೆ ಜನ ಯಾಕೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ನಾನು ಕೇಳಿದ್ದಕ್ಕೆ ಓನುಕಿ, "ನೀವು ಜನ್ಮವೆಲ್ಲ ಬೇರೆಯವರ ಅರ್ಜಿ ಬರೆದ್ರಲ್ಲ, ಅದೇ ಇದು" ಎಂದ. ಅವನು ಒಮ್ಮೊಮ್ಮೆ ಮರ್ಯಾದೆಯ ಮಾತನ್ನೂ ಆಡುತ್ತಾನೆ.

ಆರನೆಯ ಇನಿಂಗ್ಸ್ ಮುಗಿದು ನೀನು ಗೌರವಪೂರ್ವಕವಾಗಿ ನಿರ್ಗಮಿಸಿದ ಬಳಿಕ ನಾನು ಬಸ್ಸಿನ ಏರ್ಪಾಡು ನೋಡಲು ಹೊರಗೆ ಹೋಗಿದ್ದೆ. ಅನಂತರದ ಆಟವನ್ನು ನಾನು ಕಾಣಲಿಲ್ಲ. ಸೋಲು ಗೆಲುವು ಇದ್ದದ್ದೇ. ಆರಂಭದ ಒಂಬತ್ತರಲ್ಲಿ ನಿನ್ನ ಹೆಸರು ಬಂತು. ನನಗೆ ಅಷ್ಟು ಸಾಕು.

ಮೊನ್ಮಾ ಎಯ್ಕಿಚಿ


ಒಸಾಕಾ
೧೧ ಜುಲೈ ೧೯೮೪

ಪೂಜ್ಯ ಮಾವನವರಿಗೆ.

ಪಂದ್ಯದ ನಂತರ ಬೇಲಿಯ ಬಳಿ ನಿಮ್ಮೊಡನೆ ಎರಡು ಮಾತಾಡಲೂ ಆಗಲಿಲ್ಲ. ನಮ್ಮ ಬಸ್ಸು ಕಾಯುತ್ತಿತ್ತು. ನೀವು "ಬೆವರು ಒರೆಸಿಕೋ" ಎಂದಿರಿ, ನಾನು "ಹೂಂ" ಎಂದೆ. ಅಷ್ಟು ದೂರದಿಂದ ಬಂದದ್ದು ಅಷ್ಟಕ್ಕೇ ಆಯಿತು.

ಒಂಬತ್ತನೆಯ ಇನಿಂಗ್ಸನ್ನು ಬೆಂಚಿನಿಂದ ನೋಡುವುದು ಎಂಥದ್ದೆಂದು ನನಗೆ ಮರೆತೇಹೋಗಿತ್ತು. ಒಂದು ರನ್ನಿನ ಮುನ್ನಡೆ, ಇನ್ನೊಬ್ಬ ಔಟಾದರೆ ಮುಗಿಯಿತು. ಹೊಡೆಯುವವನ ಮುಂದಿನ ಪಾದ ಒಳಕ್ಕೆ ತಿರುಗಿದ್ದು ನನಗೆ ಕಂಡಿತು. "ಕುರೆ, ಎಡಕ್ಕೆ!" ಎಂದು ಕೂಗಿದೆ. ಕುರೆ ಎಂದರೆ ನನ್ನ ಜಾಗಕ್ಕೆ ಇಳಿದ ಹೊಸ ಹುಡುಗ. ಆ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ನೆಲದ ಮೇಲೆ ಉರುಳಿ ಬಂದ ಚೆಂಡು ಅವನ ಕೈಗವಸಿನ ತುದಿ ಸವರಿ ಹೋಯಿತು, ಇಬ್ಬರು ಕೊನೆಯ ಬೇಸಾದ ಮನೆ ಮುಟ್ಟಿ ಎರಡು ರನ್ ಗಳಿಸಿದರು, ಸೋತೆವು.

ಆಗ ನಾನು ನಿಮ್ಮ ಕಡೆಯ ಸಾಲನ್ನು ನೋಡಿದೆ. ಎಲ್ಲರೂ ಕುಳಿತಿದ್ದರು, ನೀವೊಬ್ಬರೇ ನಿಂತಿದ್ದಿರಿ.

ನನ್ನನ್ನು ಯಾಕೆ ಹೊರಗೆ ಕೂರಿಸಿದರೋ ತಿಳಿಯದು. ಆ ದಿನ ನಾನು ತಪ್ಪೇನೂ ಮಾಡಿರಲಿಲ್ಲ. ಸಮಯ ನೋಡಿ ಕೋಚನ್ನು ಕೇಳಬೇಕೆಂದಿದ್ದೇನೆ.

ಮೊರಿಯೊ


ಒಸಾಕಾ
೫ ಆಗಸ್ಟ್ ೧೯೮೪

ಪೂಜ್ಯ ಮಾವನವರಿಗೆ.

ನಿಮ್ಮ ಪತ್ರವೂ ನನ್ನದೂ ದಾರಿಯಲ್ಲಿ ಎದುರುಬದುರಾಗಿ ಹಾದುಹೋದವು ಎಂದು ಕಾಣುತ್ತದೆ. ನೀವು ಒಂಬತ್ತನೆಯ ಇನಿಂಗ್ಸ್ ನೋಡಲಿಲ್ಲವೆಂದು ಬರೆದಿದ್ದೀರಿ. ಹಾಗಿದ್ದರೆ ನಾನು ಕಂಡದ್ದು ಬೇರೆ ಯಾರನ್ನೋ ಇರಬೇಕು. ಬಿಸಿಲಿತ್ತು.

ಕೋಚನ್ನು ಕೇಳಿದೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

"ನಿಮ್ಮೂರವರು ಯಾರೋ ಬರೆದಿದ್ರು ಕಣಯ್ಯ. ಮೊದಲಿಂದ ಆಡ್ಸಿ, ಆರಕ್ಕೆ ಕೂರ್ಸಿ, ಮೈಗೆ ಆಯಾಸ ಆಗ್ಬಾರ್ದು ಅಂತ. ಸರಿ, ಊರವರ ಆಸೆ, ಹಾಗೇ ಮಾಡ್ದೆ. ಆಮೇಲೆ ಯೋಚನೆ ಬಂತು. ಇವನ ಮೈಗೆ ಏನಾಗಿದೆ? ಊರಿಗೆಲ್ಲ ಗೊತ್ತಿರೋದು ನನಗೇ ಗೊತ್ತಿಲ್ವಲ್ಲ? ಅವತ್ತಿಂದ ನಿನ್ನ ಕಾಲನ್ನೇ ನೋಡ್ತಾ ಇದ್ದೀನಿ."

"ಏನೂ ಇಲ್ಲ ಕೋಚ್."

"ಏನೂ ಇಲ್ವಾ? ಆ ಮೆಟ್ಟಿಲು ಇಳ್ದು ತೋರ್ಸು."

ಕಂಬಿ ಹಿಡಿಯದೆ ಇಳಿಯಲು ನೋಡಿದೆ. ನಾಲ್ಕನೆಯ ಮೆಟ್ಟಿಲಿನಲ್ಲಿ ಅವರೇ ನನ್ನ ತೋಳು ಹಿಡಿದುಕೊಂಡರು. "ಎಷ್ಟು ದಿನದಿಂದ?" ಎಂದರು. ವೈದ್ಯರ ಬಳಿಗೆ ಕರೆದುಕೊಂಡು ಹೋದರು. ವೈದ್ಯರು ಬಲ ಮೊಣಕಾಲಿನ ಚಿತ್ರ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ನಾಳೆಯಿಂದ ನಾನು ಎರಡನೆಯ ತಂಡದಲ್ಲಿ, ನದಿಯ ಆಚೆ ದಡದ ಅಭ್ಯಾಸದ ಮೈದಾನದಲ್ಲಿ ಇರುತ್ತೇನೆ. ಕಾಲು ಸುಧಾರಿಸಿದರೆ ಮತ್ತೆ ಕರೆಸಿಕೊಳ್ಳುವುದಾಗಿ ಹೇಳಿದ್ದಾರೆ. ನೀವು ಚಿಂತಿಸುವಂಥದ್ದೇನೂ ಅಲ್ಲ.

ಆ ಕಾಗದವನ್ನು ಓನುಕಿಯವರು ಬರೆದಿರಬಹುದು. ಅವರನ್ನು ಕೇಳಬೇಡಿ, ಸಂಘದಲ್ಲಿ ಈ ಮಾತು ಎತ್ತಲೂ ಬೇಡಿ. ಯಾರೇ ಬರೆದಿರಲಿ, ನನ್ನ ಒಳಿತಿಗೆಂದೇ ಬರೆದಿರುತ್ತಾರೆ. ಅಷ್ಟು ಸೊಗಸಾಗಿ ಬರೆದ ಕಾಗದವನ್ನು ತಾನು ಜನ್ಮದಲ್ಲೇ ಓದಿರಲಿಲ್ಲವೆಂದು ಕೋಚ್ ಹೇಳಿದರು. ಈ ಒಂದು ಮಾತನ್ನು ನಿಮಗೆ ತಲುಪಿಸಬೇಕೆನಿಸಿತು.

ಮೊರಿಯೊ


ಅಕಿತಾ
ಶೋವಾ ೫೯, ಆಗಸ್ಟ್ ೧೨

ಒಸಾಕಾ ಕ್ರೇನ್ಸ್ ತಂಡದ ಮುಖ್ಯ ತರಬೇತುದಾರರಾದ ಮಾನ್ಯ ಇವಾಬುಚಿ ಅವರ ಸಮ್ಮುಖಕ್ಕೆ, ಈ ಹಿಂದೆ ಜೂನ್ ೩ರಂದು ವಿಜ್ಞಾಪನೆ ಸಲ್ಲಿಸಿದ ಅದೇ ವ್ಯಕ್ತಿಯು ಸಲ್ಲಿಸುವ ತಿದ್ದುಪಡಿ.

ಸದರಿ ವಿಜ್ಞಾಪನೆಯ ಕಡೆಯ ಕಲಮನ್ನು ಬರೆದೇ ಇಲ್ಲವೆಂದು ಪರಿಗಣಿಸಬೇಕಾಗಿ ಪ್ರಾರ್ಥನೆ.

ಅರ್ಜಿ ಬರೆಯುವವರಲ್ಲಿ ಒಂದು ರೂಢಿಯುಂಟು. ಕೇಳಿದ್ದರಲ್ಲಿ ಒಂದಂಶವನ್ನು ಕಡೆಯ ಕಲಮಿನಲ್ಲಿ ನಾವೇ ಬಿಟ್ಟುಕೊಡುವುದು. ಹಾಗೆ ಬಿಟ್ಟುಕೊಟ್ಟಾಗ ಅಧಿಕಾರಿಯ ಕೈ ಮೊಹರಿನ ಕಡೆಗೆ ಸರಾಗವಾಗಿ ಹೋಗುತ್ತದೆ. ಕೆರೆಯ ನೀರು ಕೇಳುವಾಗ ಕೊನೆಯ ಗದ್ದೆಯ ಪಾಲನ್ನು ಬಿಟ್ಟಿದ್ದೇನೆ. ವಿಧವೆಯ ಪಿಂಚಣಿ ಕೇಳುವಾಗ ಹಿಂದಿನ ತಿಂಗಳುಗಳದನ್ನು ಬಿಟ್ಟಿದ್ದೇನೆ. ಬಿಟ್ಟದ್ದು ಯಾವಾಗಲೂ ಬೇಡದ ಭಾಗ. ಈ ಸಲವೂ ಬೇಡದ ಭಾಗವೆಂದೇ ತಿಳಿದು ಬಿಟ್ಟೆನು.

"ದೇಹಕ್ಕೆ ಆಯಾಸವಾಗದಂತೆ" ಎಂಬ ಮಾತು ನಾನು ಎಲ್ಲ ಅರ್ಜಿಗಳಿಗೂ ಹಚ್ಚುವ ಅಲಂಕಾರ. ಆತನ ಮೊಣಕಾಲಿನ ವಿಷಯ ನನಗೆ ಕಿಂಚಿತ್ತೂ ತಿಳಿದಿರಲಿಲ್ಲ. ತಿಳಿದಿರಬೇಕಾಗಿದ್ದವನು ನಾನು, ಆದರೂ ತಿಳಿದಿರಲಿಲ್ಲ.

ಅಂದು ಒಂಬತ್ತನೆಯ ಇನಿಂಗ್ಸಿನಲ್ಲಿ ಆ ಚೆಂಡು ದಾಟಿಹೋದಾಗ ನನ್ನ ಪಕ್ಕದಲ್ಲಿದ್ದ ತೋಫು ಅಂಗಡಿಯವನು ಊಟದ ಪೆಟ್ಟಿಗೆಯನ್ನು ಕೆಳಗಿಟ್ಟು, "ಅದು ಮೊರಿಯೊನ ಚೆಂಡು" ಎಂದ. ನಾನು ಎದ್ದು ನಿಂತು, "ಹಾಗಾದ್ರೆ ಅವನನ್ನ ಮತ್ತೆ ಇಳಿಸೋಕೆ ಹೇಳ್ರೀ!" ಎಂದೆ. "ಕೂತ್ಕೊಳ್ಳಿ ಮೊನ್ಮಾ-ಸಾನ್. ಈ ಆಟದಲ್ಲಿ ಒಮ್ಮೆ ಹೊರಗೆ ಕೂರಿಸಿದವನನ್ನ ಆ ದಿನ ಮತ್ತೆ ಇಳಿಸೋ ಹಾಗಿಲ್ಲ. ಇಷ್ಟು ವರ್ಷ ಅಧ್ಯಕ್ಷರಾಗಿದ್ದೀರಿ, ಇಷ್ಟೂ ಗೊತ್ತಿಲ್ವಾ?" ಎಂದ. ಗೊತ್ತಿರಲಿಲ್ಲ.

ಆತನ ಕಾಲು ಓಡಲಾರದಿದ್ದರೂ ಕಣ್ಣು ಓಡುತ್ತದೆ. ಕಡೆಯ ಎರಡು ಇನಿಂಗ್ಸುಗಳಿಗೆ ಆತನನ್ನು ಮರಳಿ ಕರೆಯಬೇಕು. ಆರಂಭದಲ್ಲಿ ಹೆಸರು ಕೂಗುವುದು ಬೇಡ. ಇಷ್ಟೇ ನನ್ನ ಬೇಡಿಕೆ.


ಒಸಾಕಾ
೯ ಸೆಪ್ಟೆಂಬರ್ ೧೯೮೪

ಪೂಜ್ಯ ಮಾವನವರಿಗೆ.

ಆಗಸ್ಟಿನಲ್ಲಿ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಹಿರಿಯರ ಹಬ್ಬದಲ್ಲಿ ಅಮ್ಮನ ಸಮಾಧಿ ತೊಳೆಯುವ ಕೆಲಸವಿತ್ತು, ಬಿಡುವಾಗಿರಲಿಕ್ಕಿಲ್ಲ.

ಇಲ್ಲಿ ಎಲ್ಲ ಹಗಲು ಪಂದ್ಯಗಳು. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಹುಲ್ಲಿನ ದಿಬ್ಬದ ಮೇಲೆ ಕೂರಬಹುದು. ಕೆಲಸದಿಂದ ತಪ್ಪಿಸಿಕೊಂಡ ಮಾರಾಟದವರು, ನಾಯಿ ಕಟ್ಟಿಕೊಂಡು ಬಂದವರು, ಮಲಗಿ ನಿದ್ದೆ ಹೋದವರು. ಹತ್ತೊಂಬತ್ತು ಇಪ್ಪತ್ತರ ಹುಡುಗರೊಡನೆ ಆಡುತ್ತೇನೆ. ನನ್ನನ್ನು "ಅಜ್ಜ" ಎಂದು ಕರೆಯುತ್ತಾರೆ. "ಅಜ್ಜ, ಪಾದ ನೋಡೋದು ಹೇಗೆ, ಹೇಳಿಕೊಡಿ" ಎಂದು ಒಬ್ಬ ಕೇಳಿದ. ಹೇಳಿಕೊಡಲು ಕುಳಿತರೆ ಮಾತೇ ಬರಲಿಲ್ಲ. ಇಷ್ಟು ವರ್ಷ ಒಬ್ಬನೇ ಕುಳಿತು ನೋಡಿದ್ದು, ಯಾರಿಗೂ ಹೇಳಿ ರೂಢಿಯಿಲ್ಲ.

ಈ ತಿಂಗಳ ೨೩ಕ್ಕೆ ಇಲ್ಲಿನ ಕೊನೆಯ ಪಂದ್ಯ. ಕೋಚ್ ಇವಾಬುಚಿಯವರಿಂದ ಕರೆ ಬಂದಿಲ್ಲ. ಬರಬಹುದು.

ನೀವು ಚೆನ್ನಾಗಿದ್ದೀರಲ್ಲವೆ? ಒಂದು ಕಾರ್ಡ್ ಬರೆದರೂ ಸಾಕು. ಬರಿಯ ಹವಾಮಾನ ಬರೆದರೂ ಸಾಕು.

ಮೊರಿಯೊ


ಒಸಾಕಾ
೨೧ ಅಕ್ಟೋಬರ್ ೧೯೮೪

ಪೂಜ್ಯ ಮಾವನವರಿಗೆ.

ಮೊನ್ನೆ ತಂಡದ ಕಚೇರಿಗೆ ಕೋಟು ಹಾಕಿಕೊಂಡು ಬರಲು ಹೇಳಿದರು. ಕೋಟು ಎಂದಾಗಲೇ ತಿಳಿಯಿತು. ಮುಂದಿನ ವರ್ಷ ನನ್ನ ಹೆಸರು ಇರುವುದಿಲ್ಲ. ಚಹಾ ಕೊಟ್ಟರು, ಚೆನ್ನಾಗಿತ್ತು. ಕೋಚ್ ಇವಾಬುಚಿ ಬಾಗಿಲಿನವರೆಗೂ ಬಂದು ಟೋಪಿ ತೆಗೆದು ನಿಂತರು.

ಇಲ್ಲೇ ಬಂದರಿನ ಒಂದು ಗೋದಾಮಿನಲ್ಲಿ ಕೆಲಸ ನೋಡಿಕೊಂಡಿದ್ದೇನೆ. ಹೊಸ ವರ್ಷಕ್ಕೆ ಊರಿಗೆ ಬರುವುದು ಕಷ್ಟ. ಸಂಘದವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಒಂದು ವಿಷಯ ಕೇಳಬೇಕಾಗಿದೆ. ಸೆಪ್ಟೆಂಬರ್ ೨೩ರಂದು ಹುಲ್ಲಿನ ದಿಬ್ಬದ ಮೇಲೆ ಕಪ್ಪು ಕೋಟಿನ ಹಿರಿಯರೊಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ಆ ಜಾಗದಲ್ಲಿ ಯಾರೂ ಹಾಗೆ ಕೂರುವುದಿಲ್ಲ. ಒಂಬತ್ತನೆಯ ಇನಿಂಗ್ಸಿಗೆ ನಾನು ಇಳಿದಾಗಲೂ ಇದ್ದರು. ಆಟ ಮುಗಿದ ತಕ್ಷಣ ದಿಬ್ಬ ಹತ್ತಿ ಹುಡುಕಿದೆ, ಬಸ್ ನಿಲ್ದಾಣದವರೆಗೂ ಹೋದೆ. ಇರಲಿಲ್ಲ. ಆ ಸಂಜೆ ಮನೆಗೆ ಫೋನ್ ಮಾಡಿದಾಗ ಅತ್ತೆ, "ನಿಮ್ಮಾವ ಬಿಸಿನೀರಿನ ಬುಗ್ಗೆಗೆ ಹೋಗಿದ್ದಾರಪ್ಪ, ಒಬ್ರೇ" ಎಂದರು. ನೀವು ಅತ್ತೆಯನ್ನು ಬಿಟ್ಟು ಬುಗ್ಗೆಗೆ ಹೋದದ್ದನ್ನು ನಾನು ಕೇಳಿಯೇ ಇಲ್ಲ.

ನೀವೇ ಬಂದಿದ್ದಿರಾ, ಮಾವ?

ಮೊರಿಯೊ


ಅಕಿತಾ
ಶೋವಾ ೫೯, ಅಕ್ಟೋಬರ್ ೨೮

ಚಿರಂಜೀವಿ ಮೊರಿಯೊನಿಗೆ.

ನಿನ್ನ ಪತ್ರದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದನ್ನು ತಿದ್ದುವುದು ನನ್ನ ಕರ್ತವ್ಯ. ಸೆಪ್ಟೆಂಬರ್ ೨೩ರಂದು ನಾನು ಒಸಾಕಾದಲ್ಲಿ ಇರಲಿಲ್ಲ. ಬಿಸಿನೀರಿನ ಬುಗ್ಗೆಗೆ ಹೋಗಿದ್ದೆ. ನೀರು ಬಿಸಿಯಾಗಿತ್ತು. ಆರಂಭದ ಒಂಬತ್ತರಲ್ಲಿ ನಿನ್ನ ಹೆಸರಿಲ್ಲದ ಮೈದಾನದಲ್ಲಿ ನಾನು ಕೂರುವುದಿಲ್ಲವೆಂಬುದು ಊರಿಗೆಲ್ಲ ತಿಳಿದ ಮಾತು.

ಸಂಘವನ್ನು ವಿಸರ್ಜಿಸಿಲ್ಲ. ಆ ಸಲಹೆ ತಂದವನಿಗೆ ಓನುಕಿ, "ಹಾಗಾದ್ರೆ ನಾಳೆಯಿಂದ ನನ್ನಂಗಡೀಲಿ ನಿಂಗೆ ತೋಫು ಇಲ್ಲ" ಎಂದ. ಹೊಸ ವರ್ಷಕ್ಕೆ ನಿನ್ನ ಅತ್ತೆ ನಿನ್ನ ಪಾಲಿನ ಅಕ್ಕಿಯನ್ನು ಎತ್ತಿಟ್ಟಿದ್ದಾಳೆ. ಬರುವುದು ಬಿಡುವುದು ನಿನ್ನ ಇಚ್ಛೆ.

ಆ ದಿನದ ವಿಚಾರವಾಗಿ ಇನ್ನೊಂದು ಮಾತು. ನಾನು ಕಂಡದ್ದಲ್ಲ, ಕೇಳಿದ್ದು. ಒಂಬತ್ತನೆಯ ಇನಿಂಗ್ಸಿನಲ್ಲಿ ನಿನ್ನ ಕಡೆಗೆ ಒಂದು ಚೆಂಡೂ ಬರಲಿಲ್ಲವಂತೆ. ಆದರೂ ಪ್ರತಿಯೊಬ್ಬ ಹೊಡೆತಗಾರ ಬಂದಾಗಲೂ ನೀನು ಅವನ ಪಾದ ನೋಡಿ, ಒಮ್ಮೆ ಎಡಕ್ಕೆ, ಒಮ್ಮೆ ಹಿಂದಕ್ಕೆ ಸರಿದು, ಮೊಣಕಾಲು ಬಗ್ಗಿಸಿ ಕಾಯುತ್ತಿದ್ದೆಯಂತೆ. ಬಲಗಾಲನ್ನು ಬಗ್ಗಿಸುವಾಗ ಪ್ರತಿ ಸಲವೂ ನಿನ್ನ ತುಟಿ ಬಿಗಿಯಾಗುತ್ತಿತ್ತಂತೆ. ಚೆಂಡು ಬೇರೆ ಕಡೆಗೆ ಹೋದ ಮೇಲೆ ಎದ್ದು, ಬೂಟಿನಿಂದ ಮಣ್ಣನ್ನು ಸಮ ಮಾಡಿ, ಮತ್ತೆ ಮೊದಲಿನ ಜಾಗಕ್ಕೆ ಬರುತ್ತಿದ್ದೆಯಂತೆ. ಪಿಚರ್ ಹುಡುಗ ತಿರುಗಿ ನಿನ್ನನ್ನು ನೋಡಿ, ಟೋಪಿಯ ಅಂಚು ಮುಟ್ಟಿದನಂತೆ. ದಿಬ್ಬದ ಮೇಲಿದ್ದ ನಾಯಿ ಸಹ ಆಗ ಸುಮ್ಮನಿತ್ತಂತೆ.

ಅಷ್ಟು ಹೊತ್ತೂ ನಿನ್ನ ಹೆಸರನ್ನು ಯಾರೂ ಕೂಗಲಿಲ್ಲವಂತೆ. ನಾನು ಅಲ್ಲಿದ್ದಿದ್ದರೆ ಕೂಗುತ್ತಿದ್ದೆನೋ ಏನೋ. ಇರಲಿಲ್ಲ.

ಮಾವ